ಮರಿನಾಯಿಗಳ ಕಾಲು ಕಾಯುವ ಓಬವ್ವ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಊರಾಚೆ, ರಾತ್ರಿ ಕುರಿ ಕೂಡುವ ರೊಪ್ಪದ ಪಕ್ಕ, ಮರಳು ಹಾಸಿದ ಪುಟ್ಟ ಜಾಗದಲ್ಲಿ ಓಬವ್ವ ತಡಿಕೆ ಬಾಗಿಲು ಸರಿಸುತ್ತಾರೆ. ಐದು ನಾಯಿಮರಿಗಳು ಒಂದರ ಮೇಲೊಂದು ಬಿದ್ದು ಹೊರಬರುತ್ತವೆ. ಕಚ್ಚಾಡುತ್ತವೆ, ಮರಳು ಕೆದರುತ್ತವೆ, ಸೀರೆಯ ಅಂಚು ಹಿಡಿದು ಜಗ್ಗುತ್ತವೆ. ಓಬವ್ವ ಯಾವುದನ್ನೂ ಓಡಿಸುವುದಿಲ್ಲ, ಕರೆಯುವುದೂ ಇಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕಂದು ಬಣ್ಣದ ಮರಿಯೊಂದು ಆಟ ಬಿಟ್ಟು ಕೂರುತ್ತದೆ. ಅವರೂ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸೊಂಟದಿಂದ ಹಿಂಗಾಲಿನವರೆಗೆ ಅಂಗೈ ಸವರುತ್ತಾರೆ.

"ದಣಿದ್ರೆ ತಾನೇ ಕುಂತ್ಕಂತೈತೆ ಸಾರ್. ಆಗ ಎಬ್ಬಿಸಬಾರ್ದು, ಅಷ್ಟೇ. ಇಷ್ಟು ತಿಳ್ಕಳಾಕೆ ನಂಗೆ ಒಂದು ಜೀವ ಹೋಗ್ಬೇಕಾಯ್ತು."

ಐವತ್ತಾರರ ಓಬವ್ವ ಮಾಡುವ ಕೆಲಸಕ್ಕೆ ಹೆಸರಿಲ್ಲ. ಹಿಂಡು ಹೊಡೆದುಕೊಂಡು ಊರೂರು ಅಲೆಯುವ ಕುರಿಗಾಹಿಗಳು ತಮ್ಮ ನಾಯಿಮರಿಗಳನ್ನು ಇವರ ಬಳಿ ಬಿಟ್ಟು ಹೋಗುತ್ತಾರೆ. ಮರಿಗೆ ವರ್ಷ ತುಂಬಿ ಮೂಳೆ ಬಲಿತ ಮೇಲೆ ಬಂದು ಒಯ್ಯುತ್ತಾರೆ. ದಿನವಿಡೀ ಕುರಿಯ ಜೊತೆ ನಡೆದು, ತೋಳ ಬಂದರೆ ಅಟ್ಟಬೇಕಾದ ನಾಯಿಗಳು ಇವು. ಒಂಬತ್ತು ವರ್ಷದಲ್ಲಿ ಇಲ್ಲಿ ಬೆಳೆದು ಹೋದದ್ದು ಅರವತ್ಮೂರು. ಊರಿನವರು ಈ ಜಾಗಕ್ಕೆ 'ಓಬವ್ವನ ಅಂಗನವಾಡಿ' ಎನ್ನುತ್ತಾರೆ. ಮೊದಲು ಗೇಲಿಗೆ ಅನ್ನುತ್ತಿದ್ದರು, ಈಗ ರೂಢಿಯಾಗಿದೆ.

ಮೊದಲು ಓಬವ್ವನೂ ಹಿಂಡಿನ ಹಿಂದೆ ನಡೆದವರೇ. ಗಂಡ ಪಾಲಣ್ಣನ ಜೊತೆ ಪ್ರತಿವರ್ಷ ಹಿರಿಯೂರು, ಚಿತ್ರದುರ್ಗ ದಾಟಿ ಹೊಳಲ್ಕೆರೆ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದರು. ಹತ್ತು ವರ್ಷದ ಹಿಂದೆ ಅವರ ಹಳೆಯ ನಾಯಿ ಸತ್ತಿತು. ಹೊಸದುರ್ಗದಲ್ಲಿರುವ ತಂಗಿಯ ಮನೆಯಿಂದ ಬೂದಿ ಬಣ್ಣದ ಗಂಡುಮರಿಯೊಂದನ್ನು ತಂದರು. ಬೂದ ಎಂದು ಹೆಸರಿಟ್ಟರು. ಹಿಂಡು ಹೊರಡಲು ಇನ್ನೆರಡೇ ತಿಂಗಳಿತ್ತು, ಮರಿಗೆ ನಾಲ್ಕೂವರೆ ತಿಂಗಳು.

"ಅಷ್ಟರಾಗೆ ಗಟ್ಟಿ ಆಗ್ಲಿ ಅಂತ ಓಡಿಸಾಕೆ ಶುರು ಮಾಡಿದ್ವಿ. ಇವ್ರು ಟಿವಿಎಸ್ ಓಡಿಸೋರು, ನಾನು ಹಿಂದೆ ಕುಂತು ಹಗ್ಗ ಹಿಡ್ಕಂತಿದ್ದೆ. ಧರ್ಮಪುರದ ರೋಡಲ್ಲಿ ದಿನಾ ಮೂರು ಕಿಲೋಮೀಟ್ರು ಹೋಗೋದು, ಮೂರು ಬರೋದು. ಡಾಂಬರ ಮೇಲೆ. ಅದೂ ಖುಷಿಯಾಗೇ ಓಡ್ತಿತ್ತು. ನಮ್ಮ ಜೊತೆ ಬರ್ಬೇಕು ಅಂತ ಓಡ್ತಿತ್ತು ಅನ್ನೋದು ಆಮೇಲೆ ಗೊತ್ತಾಯ್ತು."

ಒಂದು ತಿಂಗಳಾದ ಮೇಲೆ ಬೂದ ರಸ್ತೆಯ ನಡುವೆ ಕೂರತೊಡಗಿತು. ಸೋಮಾರಿ ಎಂದು ಬೈದು ಹಗ್ಗ ಜಗ್ಗಿದ್ದು ತಾನೇ ಎನ್ನುವಾಗ ಓಬವ್ವ ನಮ್ಮ ಮುಖ ನೋಡುವುದಿಲ್ಲ. ಹಿಂಡು ಹೊರಟಿತು. ಚಿತ್ರದುರ್ಗ ದಾಟುವ ಹೊತ್ತಿಗೆ ಬೂದ ಎರಡೂ ಹಿಂಗಾಲು ಜೋಡಿಸಿ ಮೊಲದಂತೆ ಕುಪ್ಪಳಿಸುತ್ತಿತ್ತು. ದಾರಿಯಲ್ಲಿ ಸಿಕ್ಕವರು ನಕ್ಕರು.

"ನಾನೂ ನಕ್ಕೆ ಸಾರ್. ಆಟ ಆಡ್ತೈತೆ ಅಂದ್ಕಂಡು ನಕ್ಕೆ."

ಹೊಳಲ್ಕೆರೆ ಹತ್ತಿರ ಬಂದ ದಿನ ಬೆಳಿಗ್ಗೆ ಬೂದ ಏಳಲಿಲ್ಲ. ಮುಂಗಾಲು ಊರಿ ಎದೆ ಎತ್ತುತ್ತಿತ್ತು, ಸೊಂಟ ಮಾತ್ರ ಮೇಲೆ ಬರುತ್ತಿರಲಿಲ್ಲ. ಇಬ್ಬರೂ ಅದನ್ನು ಕಂಬಳಿಯಲ್ಲಿ ಎತ್ತಿಕೊಂಡು ಪಶುವೈದ್ಯೆ ಅನುಸೂಯ ಅವರ ಬಳಿಗೆ ಹೋದರು. ಡಾಕ್ಟರು ಕಾಲನ್ನು ಮೆಲ್ಲಗೆ ಮಡಚಿ ಬಿಡಿಸಿ ನೋಡಿ, ಎಷ್ಟು ತಿಂಗಳ ಮರಿ, ಏನು ಮಾಡಿಸಿದ್ದೀರಿ ಎಂದು ಕೇಳಿದರು. ಓಬವ್ವ ಮುಚ್ಚಿಡಲಿಲ್ಲ.

"ಅಮ್ಮ, ಈ ವಯಸ್ಸಲ್ಲಿ ಮೂಳೆಯ ತುದಿ ಇನ್ನೂ ಮೆತ್ತಗಿರುತ್ತೆ" ಎಂದರು ಡಾಕ್ಟರು. "ತಾನಾಗಿ ಆಡಿದರೆ ಒಳ್ಳೆಯದೇ. ಬಲವಂತವಾಗಿ ಗಟ್ಟಿ ನೆಲದ ಮೇಲೆ ಓಡಿಸಿದರೆ ಕೀಲು ಸವೆದು ಹೋಗುತ್ತೆ. ಇದಕ್ಕೆ ಹುಟ್ಟಿನಿಂದಲೇ ಸೊಂಟದ ಕೀಲು ಸಡಿಲ ಇದ್ದಿರಬಹುದು. ಪೂರ್ತಿ ನಿಮ್ಮ ತಪ್ಪು ಅಂತ ನಾನು ಹೇಳಲ್ಲ."

ಆ ಕೊನೆಯ ಮಾತನ್ನು ಓಬವ್ವ ಇವತ್ತಿಗೂ ಒಪ್ಪಿಕೊಂಡಿಲ್ಲ. "ಸಡಿಲ ಇದ್ದಿರ್ಬೋದು. ಇದ್ದದ್ದನ್ನ ಮುರಿದವಳು ನಾನೇ ತಾನೆ?"

ನೋವಿನ ಮಾತ್ರೆ ಕೊಟ್ಟ ಡಾಕ್ಟರು, ಮರಿಯನ್ನು ಎರಡು ತಿಂಗಳು ನಡೆಸಬೇಡಿ ಎಂದರು. ಹಿಂಡು ನಿಲ್ಲುವಂತಿರಲಿಲ್ಲ. ಕುರಿ ನಿಲ್ಲಿಸಿದ್ದ ಹೊಲದ ಕಾವಲಿಗಿದ್ದ ಯಮುನಾ ಎಂಬಾಕೆ ನೋಡಿಕೊಳ್ಳುತ್ತೇನೆ ಎಂದಳು. ಎರಡು ತಿಂಗಳಾಗುತ್ತಲೇ ಬಂದು ಒಯ್ಯುತ್ತೇವೆಂದು ಬೂದನನ್ನು ಅವಳ ಗುಡಿಸಲಲ್ಲಿ ಬಿಟ್ಟರು. ಮೇವು ಚೆನ್ನಾಗಿದ್ದುದರಿಂದ ಹಿಂಡು ಮುಂದೆ ಮುಂದೆ ಹೋಯಿತು. ತಿರುಗಿ ಬರುವಾಗ ಮೂರು ತಿಂಗಳಾಗಿತ್ತು. ಬೂದ ಸತ್ತು ಎಂಟು ದಿನವಾಗಿತ್ತು.

"ಊಟ ಬಿಟ್ಟಿತ್ತು ಅಂದ್ಲು ಆ ಪುಣ್ಯಾತ್ಗಿತ್ತಿ. ರೋಡಲ್ಲಿ ಯಾರ ಕುರಿ ಹೋದ್ರೂ ಏಳಾಕೆ ನೋಡ್ತಿತ್ತಂತೆ. ನಾವೇ ಬಂದ್ವಿ ಅಂತ ತೆವ್ಳಿಕಂಡು ಬೇಲಿ ತನಕ ಬರೋದಂತೆ." ಓಬವ್ವ ಕಾಲ ಬಳಿ ಬಂದ ಮರಿಯ ಬೆನ್ನು ಸವರುತ್ತಾರೆ. "ಒಂದಿನ ಬಸ್ ಹತ್ಕಂಡು ಬಂದು ಮುಖ ತೋರ್ಸಿ ಹೋಗ್ಬೋದಿತ್ತು. ಹೋಗಾಣ ಅಂತ ಇವ್ರು ಎರಡು ಸಲ ಅಂದಿದ್ರು. ನಾನೇ ನಾಳೆ ನಾಳೆ ಅಂದೆ."

ಆ ವರ್ಷ ಊರಿಗೆ ಬಂದ ಓಬವ್ವ ಮತ್ತೆ ಹಿಂಡಿನ ಜೊತೆ ಹೋಗಲಿಲ್ಲ. ಪಾಲಣ್ಣ ಅಣ್ಣನ ಮಗನ ಜೊತೆ ಕುರಿ ಹೊಡೆದುಕೊಂಡು ಹೋದರು. ಓಬವ್ವ ಮನೆ ಮನೆಗೆ ಹೋಗಿ, ಎಳೆಯ ಮರಿಗಳನ್ನು ನಡೆಸಿಕೊಂಡು ಹೋಗಬೇಡಿ, ನಾನು ಸಾಕಿ ಕೊಡುತ್ತೇನೆ ಎಂದರು. ಜನ ನಕ್ಕರು. ಮೊದಲ ವರ್ಷ ಸಿಕ್ಕಿದ್ದು ಎರಡೇ ಮರಿ. ಅವು ಬೆಳೆದು ಹಿಂಡು ಸೇರಿದ ಮೇಲೆ ಉಳಿದವರೂ ತಂದುಬಿಡತೊಡಗಿದರು. ಪ್ರತಿಫಲವೆಂದರೆ ಮರಿಯ ಪಾಲಿನ ರಾಗಿ, ಆಗಾಗ ಮೊಟ್ಟೆ.

ಅಲ್ಲೇ ಇರುವ ಮನೆಯೆದುರಿನ ಎತ್ತರದ ಕಲ್ಲುಕಟ್ಟೆಗೆ ಓಬವ್ವನೇ ಮಣ್ಣು ಹೊತ್ತು ತಂದು ಇಳಿಜಾರು ಮಾಡಿದ್ದಾರೆ, ಮರಿಗಳು ಧುಮುಕಬಾರದೆಂದು. ದಿನಕ್ಕೆ ಮೂರು ಸಲ ಆಟಕ್ಕೆ ಬಿಡುತ್ತಾರೆ, ಮೂರು ಸಲ ಊಟ. ರಾಗಿ ಅಂಬಲಿ, ಮಜ್ಜಿಗೆ, ಬೇಯಿಸಿದ ಮೊಟ್ಟೆ, ಎಲ್ಲವೂ ಅಳತೆಯಲ್ಲಿ. "ದಪ್ಪಗಿದ್ರೆ ಮುದ್ದಾಗಿ ಕಾಣ್ತವೆ ಸಾರ್. ಆದ್ರೆ ಆ ಭಾರ ಹೊರಾದು ಎಳೇ ಕಾಲು."

ನಾವು ಮಾತಾಡುತ್ತಿರುವಾಗಲೇ ಟೆಂಪೊ ಒಂದು ಬಂದು ನಿಲ್ಲುತ್ತದೆ. ಇಳಿದವರು ಕುರಿಗಾಹಿ ಮಲ್ಲೇಶ್. ಕಂದು ಮರಿ ಅವರದು. ಅದಕ್ಕೀಗ ಏಳು ತಿಂಗಳು.

"ಓಬಕ್ಕ, ನಾಳೆ ಹೊರಡ್ತೀವಿ. ಮರಿ ತಗಂಡು ಹೋಗ್ತೀನಿ."

"ಲೇ ಮಲ್ಲೇಶ, ವರ್ಷ ತುಂಬಾಕೆ ಇನ್ನೂ ಐದು ತಿಂಗಳೈತೆ."

"ಗೊತ್ತೈತಕ್ಕ. ಮೊನ್ನೆ ತೋಳ ಎರಡು ಕುರಿಮರಿ ಹೊತ್ಕಂಡು ಹೋಯ್ತು. ಇರೋ ನಾಯಿಗೆ ಹಲ್ಲಿಲ್ಲ. ಏನ್ ಮಾಡ್ಲಿ ಹೇಳು?"

ಮರಿ ಮಲ್ಲೇಶ್ ಅವರದು, ಕುರಿಯೂ ಅವರದೇ. ಓಬವ್ವ ಕಂದು ಮರಿಯ ಎದೆಗೂ ಸೊಂಟಕ್ಕೂ ಕೈಕೊಟ್ಟು ಎತ್ತಿ ತಾವೇ ಟೆಂಪೊದೊಳಗೆ ಗೋಣಿಚೀಲದ ಮೇಲೆ ಕೂರಿಸುತ್ತಾರೆ.

"ಕುರಿಮರಿ ಸಾಗ್ಸೋ ಗಾಡೀಲೇ ಇದನ್ನೂ ಕೂರ್ಸಪ್ಪ. ಮಂದೆ ನಿಂತ ಕಡೆ ಕಾವಲು ಕಾಯ್ಲಿ, ದಾರಿ ನಡೆಸ್ಬ್ಯಾಡ. ಇಳಿಸ್ವಾಗ ಎತ್ತಿ ಇಳ್ಸು. ಕೂತ್ರೆ ಬೈಬ್ಯಾಡ."

"ಆಯ್ತಕ್ಕ" ಎನ್ನುತ್ತಾ ಮಲ್ಲೇಶ್ ಗಾಡಿ ಹತ್ತುತ್ತಾರೆ. ಹೀಗೆ ವರ್ಷ ತುಂಬುವ ಮೊದಲೇ ಹೋದ ಮರಿಗಳು ಇದುವರೆಗೆ ಆರು. ಅವುಗಳಲ್ಲಿ ಎರಡು ಕುಂಟಾದವು. ಆ ಎರಡರ ಬಣ್ಣ, ಹೋದ ತಿಂಗಳು, ಒಯ್ದವರ ಹೆಸರು ಓಬವ್ವನಿಗೆ ಬಾಯಿಪಾಠ. ಚೆನ್ನಾಗಿ ಬೆಳೆದವುಗಳ ಬಗ್ಗೆ ಕೇಳಿದರೆ ನೆನಪಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮನಸ್ಸು ಹಗುರಾಗಲಿಲ್ಲವೇ ಎಂದು ಕೇಳುತ್ತೇವೆ. "ಇಲ್ಲ ಸಾರ್. ಅದು ಹಗುರಾಗೋದು ಬ್ಯಾಡ" ಎನ್ನುತ್ತಾರೆ. ಹಾಗಾದರೆ ಆಸೆಯೇನು? ಮಜ್ಜಿಗೆಯ ಬೋಗುಣಿ ತೊಳೆಯುತ್ತಾ ಯೋಚಿಸುತ್ತಾರೆ.

"ನನ್ನ ಕೈಯಾಗೆ ಬೆಳೆದ ನಾಯಿಗಳು ವಯಸ್ಸಾಗಿ ಸಾಯ್ಲಿ. ನಾಲ್ಕು ಕಾಲ ಮೇಲೆ ನಡ್ಕಂಡು ಹೋಗಿ, ತಮಗೆ ಇಷ್ಟ ಬಂದ ನೆರಳಲ್ಲಿ ಮಲಗಿ ಸಾಯ್ಲಿ. ಅಷ್ಟಾದ್ರೆ ಸಾಕು."