ಅಳತೆ ಸಿಗದ ಲಂಗ

ಟೈಲರಮ್ಮ ಭಾನುವಾರದ ಕಥೆ ಬಳಗಕ್ಕೆ ಮೊದಲ ಸಲ ಕಥೆ ತಂದಿದ್ದಳು: ಮಗಳು ತೀರಿಕೊಂಡ ದಿನವೇ ತಾಯಿಯೊಬ್ಬಳು ಅವಳ ಲಂಗದ ಅಂಚು ಹೊಲಿದು ಮುಗಿಸುವ ಕಥೆ. ಎಲ್ಲರೂ ಮಾತಾಡುವ ತನಕ ಬರೆದವರು ತುಟಿ ಬಿಚ್ಚಬಾರದೆಂಬುದು ಬಳಗದ ಕಟ್ಟಳೆ.

"ಹೆತ್ತವಳು ಅಂಥ ಹೊತ್ತಲ್ಲಿ ಮಷೀನ್ ತುಳೀತಾ ಕೂರ್ತಾಳಾ? ಸುಳ್ಳು ಅನ್ಸುತ್ತೆ," ಎಂದರು ನಿವೃತ್ತ ಮೇಷ್ಟ್ರು, ತಾವೇ ಹೆತ್ತು ಹೊಲಿದು ಪಳಗಿದವರ ಹಾಗೆ.

"ಮಗು ಬದುಕಲಿ ಬಿಡಿ ಅಕ್ಕಾ, ಓದೋರಿಗೂ ಸಮಾಧಾನ," ಎಂದಳು ನರ್ಸ್.

ಅದು ತನ್ನದೇ ಬಾಳಿನಲ್ಲಿ ನಡೆದ ಕಥೆಯೆಂದು ಟೈಲರಮ್ಮ ಆಮೇಲೂ ಬಾಯಿ ಬಿಡಲಿಲ್ಲ.

ಮನೆಗೆ ಬಂದು, ಕಥೆಯಲ್ಲಿ ಮಗಳನ್ನು ಬದುಕಿಸಿದಳು. ಅವಳಿಗೆ ಹೊಸ ಲಂಗ ಹೊಲಿಯುವಲ್ಲಿಗೆ ಬಂದು ಪೆನ್ನು ನಿಂತಿತು. ಊರವರ ಉದ್ದಗಲವನ್ನೆಲ್ಲ ಕಣ್ಣಳತೆಯಲ್ಲೇ ಹೇಳುವವಳಿಗೆ, ಇಷ್ಟು ವರ್ಷಕ್ಕೆ ತನ್ನ ಮಗಳು ಎಷ್ಟೆತ್ತರ ಬೆಳೆದಿರುತ್ತಿದ್ದಳೆಂದು ಗೊತ್ತಾಗಲಿಲ್ಲ.