ಮಂಡಿಗೆ ಬೇಕಾದ್ದು ಒಂದೇ ದಾರಿ

ಬೆಳಕು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಆಸ್ಪತ್ರೆಯ ಹಿಂಬದಿ, ಬಟ್ಟೆ ಒಗೆಯುವ ಕೋಣೆಗೂ ಜನರೇಟರಿಗೂ ನಡುವೆ ಸಿಕ್ಕಿಕೊಂಡಂತಿರುವ ಚಿಕ್ಕ ಕೋಣೆಯೊಂದರಿಂದ ಅರ ಉಜ್ಜುವ ಸದ್ದು ಬರುತ್ತಿದೆ. ಬೆಂಚಿನ ವೈಸಿನ ದವಡೆಗೆ ಕಚ್ಚಿಸಿದ ಉಕ್ಕಿನ ಪಟ್ಟಿಯ ಮೇಲೆ, ಎಲ್ಲರೂ ಕೀಲಕ್ಕ ಎಂದು ಕರೆಯುವವರು ಬಗ್ಗಿ ನಿಂತಿದ್ದಾರೆ. ನಾಲ್ಕು ಸಲ ಉಜ್ಜುತ್ತಾರೆ, ಹೆಬ್ಬೆರಳಿನಿಂದ ಅಂಚು ಸವರಿ ನೋಡುತ್ತಾರೆ, ಮತ್ತೆ ಉಜ್ಜುತ್ತಾರೆ.

"ಇವತ್ತು ಟೀಚರಮ್ಮ ಬರ್ತಾರೆ. ಈ ಸಲಾನೂ ಸರಿಹೋಗ್ಲಿಲ್ಲ ಅಂದ್ರೆ ಅವರ ಕ್ಲಾಸು ಹೋಯ್ತು," ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಬಂದ ನಮ್ಮತ್ತ ತಲೆ ಎತ್ತದೆ.

ಬಲಗುಂದಿದ ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಮಾಡುವುದು ಇವರ ಕಸುಬು. ಕಾಲಿನ ಎರಡೂ ಬದಿಗೆ ಒಂದೊಂದು ಉಕ್ಕಿನ ಪಟ್ಟಿ, ಮಂಡಿಯ ಮಟ್ಟದಲ್ಲಿ ಎರಡಕ್ಕೂ ಒಂದೊಂದು ಕೀಲು, ತೊಡೆಗೂ ಮೀನಖಂಡಕ್ಕೂ ಚರ್ಮದ ಕಟ್ಟು, ಕೆಳಗೆ ಬೂಟು. ಎದ್ದು ನಿಂತಾಗ ಕೀಲಿನ ಮೇಲೆ ಉಂಗುರವೊಂದು ಜಾರಿ ಕೂತು ಬೀಗ ಹಾಕುತ್ತದೆ. ಕೂರುವಾಗ ಅದನ್ನು ಮೇಲೆತ್ತಿದರೆ ಮಂಡಿ ಮಡಚುತ್ತದೆ. ತಿಂಗಳಿಗೆ ಏಳೆಂಟು ಹೊಸವು ಹೊರಡುತ್ತವೆ. ರಿಪೇರಿಗೆ ಬರುವವಕ್ಕೆ ಲೆಕ್ಕವಿಲ್ಲ.

ಈ ಕೋಣೆ ಮೊದಲು ಅವರ ಮಾವನದಾಗಿತ್ತು. ಮಾವನ ಕೈ ನಡುಗಲು ಶುರುವಾದಾಗ ಮಗ ಅರ ಮುಟ್ಟಲಿಲ್ಲ, ಆಸ್ಪತ್ರೆಯ ಗಾಡಿ ಓಡಿಸಲು ಹೋದ. ಊಟದ ಡಬ್ಬಿ ತಂದುಕೊಡುತ್ತಿದ್ದ ಸೊಸೆಯೇ ಒಂದು ದಿನ ಸುತ್ತಿಗೆ ಹಿಡಿದಳು. ಮನೆಯಲ್ಲಿ ರಾಮಾಯಣವೇ ಆಯಿತು. ಈಗ ಅತ್ತೆ ಬಂದವರ ಮುಂದೆಲ್ಲ ಹೇಳುವುದೇ ಬೇರೆ: "ನಮ್ಮ ಸೊಸೆ ಅನ್ನ ಸೀಯಿಸ್ತಾಳೆ, ಕಬ್ಬಿಣ ಸೀಯಿಸಲ್ಲ."

ಟೀಚರಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವರು. ಚಿಕ್ಕವರಿದ್ದಾಗಿನಿಂದಲೂ ಅವರ ಕಾಲಿಗೆ ಕ್ಯಾಲಿಪರ್ ಹೋಗಿದ್ದು ಈ ಕೋಣೆಯಿಂದಲೇ. ವಯಸ್ಸಾಗುತ್ತ ಮೈ ತೂಕ ಬಂತು, ಪಟ್ಟಿ ದಪ್ಪ ಮಾಡಬೇಕಾಯಿತು. ತೊಂದರೆ ಹುಟ್ಟಿದ್ದು ಅಲ್ಲಿ. ಹೊಸ ಕ್ಯಾಲಿಪರಿನ ಮಂಡಿ ಅರ್ಧ ಮಡಚಿ ಕಚ್ಚಿಕೊಂಡಿತು. ಕೀಲಕ್ಕ ತಮಗೆ ಗೊತ್ತಿದ್ದ ಮದ್ದನ್ನೇ ಮಾಡಿದರು: ಕೀಲಿನ ತೂತು ಕೊಂಚ ಹಿಗ್ಗಿಸಿ ಸಡಿಲ ಬಿಟ್ಟರು. ಮಡಚುವುದೇನೋ ಮಡಚಿತು, ಜೊತೆಗೆ ಮಂಡಿ ಪಕ್ಕಕ್ಕೂ ವಾಲತೊಡಗಿತು, ಹೆಜ್ಜೆಗೊಮ್ಮೆ ಕಟಕಟ ಎಂದಿತು. ಒಂದು ಬೆಳಿಗ್ಗೆ ಉಂಗುರಗಳು ಅರ್ಧಕ್ಕೇ ನಿಂತಿದ್ದವು. ಟೀಚರಮ್ಮ ಬೋರ್ಡಿನ ಮುಂದೆ, ಮಕ್ಕಳ ಎದುರಿಗೇ ಬಿದ್ದರು.

ಪ್ರಿನ್ಸಿಪಾಲರು ಕೆಟ್ಟವರಲ್ಲ. "ಲೈಬ್ರರಿಯಲ್ಲಿ ಆರಾಮಾಗಿ ಕೂತಿರಿ, ಪಾಠ ಬೇರೆಯವರು ನೋಡ್ಕೋತಾರೆ" ಎಂದರು. ಅಷ್ಟಕ್ಕೇ ಟೀಚರಮ್ಮ ಕ್ಯಾಲಿಪರನ್ನು ಚೀಲಕ್ಕೆ ಹಾಕಿಕೊಂಡು ಊರುಗೋಲಿನಲ್ಲಿ ಇಲ್ಲಿಗೆ ಬಂದರು.

"ನಾನು ಆರಾಮು ಬೇಕು ಅಂತ ಕೇಳಿದ್ನಾ ಅಕ್ಕ?"

"ಬೈಯೋದಾದ್ರೆ ನನ್ನ ಬೈದುಬಿಡಿ. ಆ ಯಪ್ಪ ಏನು ಮಾಡ್ತಾರೆ ಪಾಪ."

ಟೀಚರಮ್ಮ ಬೈಯಲಿಲ್ಲ. ಬೆಂಚಿನ ಮೇಲಿದ್ದ ರಿವೆಟ್ ಡಬ್ಬಿಯನ್ನು ಗಾಳಿಯಲ್ಲಿ ಹಿಡಿದರು. ಹಿಂದೆ ಮುಂದೆ, ಅತ್ತ ಇತ್ತ, ಮೇಲೆ ಕೆಳಗೆ ಸರಿಸಿದರು, ಮೂರಾಯಿತು. ಮುಂದಕ್ಕೆ ಬಾಗಿಸಿದರು, ಪಕ್ಕಕ್ಕೆ ವಾಲಿಸಿದರು, ಬುಗುರಿಯ ಹಾಗೆ ತಿರುಗಿಸಿದರು, ಇನ್ನೂ ಮೂರು. ಯಾವುದಕ್ಕೂ ಅಂಟಿರದ ಗಟ್ಟಿ ವಸ್ತುವಿಗೆ ಒಟ್ಟು ಆರು ಸ್ವಾತಂತ್ರ್ಯ ಎಂದರು.

"ಆರಾ? ಮದುವೆ ಆಗಿಲ್ಲ ಅನ್ಸುತ್ತೆ ಡಬ್ಬಿಗೆ," ಎಂದರು ಕೀಲಕ್ಕ.

ನಗು ಮುಗಿದ ಮೇಲೆ ಟೀಚರಮ್ಮ ಮುಂದುವರಿಸಿದರು. ಒಂದು ಕೀಲು ಹಾಕಿದರೆ ಆರರಲ್ಲಿ ಐದನ್ನು ಅದು ಕಿತ್ತುಕೊಳ್ಳುತ್ತದೆ, ಮಡಚುವುದೊಂದನ್ನು ಉಳಿಸುತ್ತದೆ. "ಬೆರಳು ಮಡಚಿ ಎಣಿಸಿದ್ರೆ ಎರಡನೇ ಕೀಲು ಇನ್ನೂ ಐದು ಕಿತ್ಕೋಬೇಕು. ಉಳಿದಿರೋದೇ ಒಂದು! ಹಾಗಿದ್ರೆ ಎರಡು ಕೀಲಿನ ಬಾಗಿಲು ತೆರೀಲೇಬಾರದು. ತೆರೆಯುತ್ತಲ್ಲ?"

ಕೀಲಕ್ಕ ತಮ್ಮ ಕೋಣೆಯ ಬಾಗಿಲನ್ನೇ ಎರಡು ಸಲ ಆಡಿಸಿ ನೋಡಿದರು. "ಒಂದರ ನೆತ್ತಿಗೆ ಒಂದು ನೇರ ಕೂತಿವೆ. ಮೇಲಿಂದು ಬೇಡ ಅಂದಿದ್ದನ್ನೇ ಕೆಳಗಿಂದೂ ಬೇಡ ಅನ್ನುತ್ತೆ. ಹೊಸದಾಗಿ ಏನೂ ಕಿತ್ಕೊಳ್ಳಲ್ಲ. ಓರೆ ಕೂತಿದ್ರೆ..." ಚೀಲದಿಂದ ಕ್ಯಾಲಿಪರ್ ತೆಗೆದು ಬೆಳಕಿಗೆ ಹಿಡಿದರು.

ಇಷ್ಟು ವರ್ಷ ಅವರು ನೋಡುತ್ತಿದ್ದದ್ದು ಎರಡು ಕೀಲೂ ನೆಲದಿಂದ ಒಂದೇ ಎತ್ತರದಲ್ಲಿವೆಯೇ ಎಂದು. ಮಾವ ಕಲಿಸಿದ್ದು ಅದನ್ನೇ. ಆದರೆ ತೊಡೆ ಅಗಲವಾದಂತೆ ಪಟ್ಟಿಗಳನ್ನು ಬಾಗಿಸಬೇಕು. ಬಾಗಿಸಿದಾಗ ಕೀಲಿನ ಮೊಳೆಗಳ ಮುಖ ತಿರುಗುತ್ತದೆ. ಎತ್ತರ ಒಂದೇ, ದಿಕ್ಕು ಬೇರೆ. ಎತ್ತು ಏರಿಗೆ, ಕೋಣ ನೀರಿಗೆ. ಹಾಗೆ ಎಳೆದಾಡಿದಾಗ ಉಳಿದಿದ್ದ ಒಂದು ದಾರಿಯೂ ಮುಚ್ಚಿಹೋಗುತ್ತಿತ್ತು. ಮೊದಲಿನ ತೆಳು ಪಟ್ಟಿಗಳು ತಾವೇ ಬಳುಕಿ ಈ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದವು. ದಪ್ಪ ಪಟ್ಟಿಗೆ ಅಷ್ಟು ಸೈರಣೆ ಇಲ್ಲ.

"ದಾರಿ ಮುಚ್ಚಿತ್ತು, ನಾನು ಗೋಡೆ ಒಡೆದೆ," ಎನ್ನುತ್ತಾರೆ ಈಗ. "ಗೋಡೆ ಒಡೆದ್ರೆ ಎಲ್ಲ ಕಡೆಯಿಂದ್ಲೂ ನುಗ್ಗುತ್ತೆ. ಮಂಡಿಗೆ ಬೇಕಾಗಿದ್ದು ಒಂದೇ ದಾರಿ."

ಆ ಮೇಲೆ ಅವರು ಎರಡು ಕೀಲೂ ಹೊಸದಾಗಿ ಮಾಡಿದರು. ಈ ಸಲ ಎತ್ತರ ಅಳೆದು ಸುಮ್ಮನಾಗಲಿಲ್ಲ. ನೇರವಾದ ಒಂದೇ ಸರಳನ್ನು ಎರಡೂ ತೂತುಗಳಲ್ಲಿ ತೂರಿಸಿದರು. ತಳ್ಳಿ ತೂರಿಸುವಂತಿರಬಾರದು, ತಾನಾಗಿ ಜಾರಬೇಕು. ಜಾರುವವರೆಗೆ ಪಟ್ಟಿಗಳನ್ನು ಬಾಗಿಸಿ ತಿದ್ದಿದರು. ಸರಳು ಒಳಗಿರುವಾಗಲೇ ಎರಡೂ ಬದಿಯನ್ನು ಜೋಡಿಸುವ ಅಡ್ಡಪಟ್ಟಿಗಳಿಗೆ ರಿವೆಟ್ ಹೊಡೆದು, ಕೊನೆಗೆ ಸರಳು ಎಳೆದು ಮೊಳೆ ಕೂರಿಸಿದರು.

ಇವತ್ತು ಕಾಲೇಜು ತೆರೆಯುವುದಕ್ಕೆ ಮುಂಚೆಯೇ ಟೀಚರಮ್ಮ ಬರುತ್ತಾರೆ. ಕೀಲಕ್ಕ ಕೆಳಗೆ ಕೂತು ಬೂಟಿನ ದಾರ ಬಿಗಿಯುತ್ತಾರೆ. ಟೀಚರಮ್ಮ ಬೆಂಚು ಹಿಡಿದು ಏಳುತ್ತಾರೆ. ಎರಡು ಉಂಗುರವೂ ಒಂದೇ ಸದ್ದಿಗೆ ಇಳಿಯುತ್ತವೆ. ಗೋಡೆಯವರೆಗೆ ನಡೆದು ಬರುತ್ತಾರೆ. ಪಕ್ಕಕ್ಕೆ ವಾಲುವುದಿಲ್ಲ, ಸದ್ದಿಲ್ಲ. ಕೂತು ಉಂಗುರ ಎತ್ತುತ್ತಾರೆ. ಮಂಡಿ ಸಲೀಸಾಗಿ ಮಡಚುತ್ತದೆ. ಇನ್ನೊಮ್ಮೆ ಏಳುತ್ತಾರೆ, ಇನ್ನೊಮ್ಮೆ ಕೂರುತ್ತಾರೆ.

"ಮೊದಲನೇ ಪೀರಿಯಡ್ಡು ನಂದೇ ಅಕ್ಕ. ಹೋಗ್ಲಾ?"

"ಹೊರಗೆ ಮೆಟ್ಟಿಲಿದೆ. ಹತ್ತಿ ಇಳಿದು ತೋರ್ಸಿ. ಆಮೇಲೆ ಪೀರಿಯಡ್ಡು."

ಹತ್ತಿ, ಇಳಿದು, ಕೈ ಬೀಸಿ ಹೋಗುತ್ತಾರೆ. ಗೇಟು ದಾಟುವವರೆಗೂ ಕೀಲಕ್ಕನ ಕಣ್ಣು ಮುಖದ ಮೇಲಲ್ಲ, ಮಂಡಿಯ ಮೇಲೇ ಇದೆ.

ಪತ್ರಿಕೆಯಲ್ಲಿ ತಮ್ಮ ಬಗ್ಗೆ ಬರುತ್ತದೆ ಎಂದರೆ ಅವರು ಫೋಟೋಗೆ ಸೆರಗು ಸರಿಮಾಡಿಕೊಳ್ಳುವುದಿಲ್ಲ. ಬೆಂಚಿನ ಮೇಲಿನ ಉಕ್ಕಿನ ಪುಡಿ ಒರೆಸುತ್ತಾರೆ.

"ನನ್ನ ಹೊಗಳಿ ಏನೂ ಬರೀಬೇಡಿ. ನಾನು ತೂತು ಹಿಗ್ಗಿಸಿ ಕೊಟ್ಟಿದ್ದು ಎಷ್ಟು ಮನೇಲಿವೆಯೋ. ಮಂಡಿ ಹತ್ರ ಕಟಕಟ ಅಂತಿದ್ರೆ ಒಂದ್ಸಲ ಬಂದು ಹೋಗಿ ಅಂತ ಹಾಕಿ. ದಪ್ಪ ಅಕ್ಷರದಲ್ಲಿ ಹಾಕಿ, ವಯಸ್ಸಾದೋರೂ ಇದಾರೆ."