ಟೀ ಮುಗಿಯುವ ತನಕ ಕೀ ಮುಟ್ಟಬೇಡಿ

ಬೆಳಕು ತಗಡಿನ ಸಂದಿಯಲ್ಲಿ ಇಣುಕುತ್ತಿದೆ, ಒಳಗೆ ಬರಲೋ ಬೇಡವೋ ಎಂಬಂತೆ. ಶೆಡ್ಡಿನೊಳಗೆ ಒಬ್ಬ ಹೆಂಗಸು ಬಗ್ಗಿಯ ಮುಂದೆ ಬಗ್ಗಿ ಕೂತಿದ್ದಾರೆ. ಬಗ್ಗಿ ಎಂದರೆ ನಾಲ್ಕು ದಪ್ಪ ಚಕ್ರ, ಕಬ್ಬಿಣದ ಪೈಪಿನ ಪಂಜರ, ಬೆನ್ನಿಗೊಂದು ಪುಟ್ಟ ಇಂಜಿನ್; ರಸ್ತೆ ಕಂಡರೆ ಮುನಿಸು, ಮರಳು ದಿಬ್ಬ ಕಂಡರೆ ಮುದ್ದು. ಆಕೆ ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಬಳಿದು, ಪಂಪಿನಿಂದ ಗಾಳಿ ಒತ್ತಿ, ಕಣ್ಣು ಕಿರಿದು ಮಾಡಿ ಕಾಯುತ್ತಾರೆ. ಒಂದು ಕಡೆ ಗುಳ್ಳೆ ಏಳುತ್ತದೆ.

"ಸಿಕ್ಕಿದ್ಯಾ ಕಳ್ಳ," ಎಂದು ಅಲ್ಲಿನ ಕ್ಲಿಪ್ಪಿನ ಕಿವಿ ಹಿಂಡುತ್ತಾರೆ.

ಇವರು ಗಾಳಿ ಅತ್ತಿಗೆ. ಬಗ್ಗಿ ಓಡಿಸುವ ಮೈದುನ "ಅತ್ತಿಗೆ, ಅತ್ತಿಗೆ" ಎಂದು ಕೂಗಿ ಕೂಗಿ ಇವರು ಓಟದ ಮೈದಾನಕ್ಕೆಲ್ಲ ಅತ್ತಿಗೆಯಾಗಿಬಿಟ್ಟರು. ಗಾಳಿ ಸೇರಿಕೊಂಡದ್ದು ಕಸುಬಿನಿಂದ. ಗಾಳಿ ಹಾಕಿ ಮೇಲೆ ಬಂದವರು ನಮ್ಮ ಸುತ್ತ ಬೇಕಾದಷ್ಟಿದ್ದಾರೆ. ಗಾಳಿ ಹಾಕಿ ಇನ್ನೊಬ್ಬರನ್ನು ದಿಬ್ಬ ಹತ್ತಿಸುವವರು ಅಪರೂಪ. ಪುಟ್ಟ ಇಂಜಿನ್ನಿಗೆ ಟರ್ಬೊ ಕೂರಿಸಿ ದೊಡ್ಡವರ ಪಕ್ಕ ಓಡುವಂತೆ ಮಾಡುವುದು ಇವರ ಕೆಲಸ.

"ಇಂಜಿನ್ ಬಿಟ್ಟ ಹೊಗೆ ಸುಮ್ನೆ ಆಚೆ ಹೋಗುತ್ತಲ್ಲ, ಅದರ ದಾರೀಲಿ ಒಂದು ಫ್ಯಾನ್ ಇಡ್ತೀವಿ. ಅದು ತಿರುಗಿದ್ರೆ, ಅದೇ ಸರಳಿಗೆ ಸಿಕ್ಕಿಸಿರೋ ಇನ್ನೊಂದು ಫ್ಯಾನು ಹೊಸ ಗಾಳೀನ ಇಂಜಿನ್ ಬಾಯಿಗೆ ತುರುಕುತ್ತೆ. ಬಿಟ್ಟ ಉಸಿರಿಂದಾನೇ ಉಸಿರು ಎಳ್ಕೊಳ್ಳೋದು, ಅಷ್ಟೇ."

ಅಷ್ಟೇ ಅಲ್ಲ. ಒಂದೇ ಸಿಲಿಂಡರಿನ ಇಂಜಿನ್ ಗುಟುಕು ಗುಟುಕಾಗಿ ಉಸಿರೆಳೆಯುತ್ತದೆ, ಟರ್ಬೊ ಬಿಡುವಿಲ್ಲದೆ ಬಡಿಸುತ್ತದೆ. ಹಾಗಾಗಿ ನಡುವೆ ಗಾಳಿ ಕೂಡಿಡಲು ಹಳೆಯ ಬೆಂಕಿ ಆರಿಸುವ ಡಬ್ಬಿಯೊಂದನ್ನು ಕೊಯ್ದು ಕೂರಿಸಿದ್ದಾರೆ. ಸಿಲಿಂಡರಿನ ಕೆಳಗೆ ದಪ್ಪ ಗ್ಯಾಸ್ಕೆಟ್ ಇಟ್ಟು ಒಳಗಿನ ಒತ್ತಡ ತಗ್ಗಿಸಿದ್ದಾರೆ. "ಜಾಸ್ತಿ ಉಣ್ಬೇಕು ಅಂದ್ರೆ ಮೊದಲು ಬೆಲ್ಟ್ ಸಡಿಲ ಮಾಡ್ಬೇಕಲ್ವಾ?" ಗಾಳಿ ಹೆಚ್ಚಿದಂತೆ ಪೆಟ್ರೋಲನ್ನೂ ಹೆಚ್ಚಿಸುತ್ತಾರೆ, ಬರೀ ಗಾಳಿಯಲ್ಲಿ ಓಡುವುದು ಭಾಷಣ ಮಾತ್ರ.

ಇದನ್ನೆಲ್ಲ ಯಾರೂ ಹೇಳಿಕೊಡಲಿಲ್ಲ. ಅಪ್ಪ ನೀರಿನ ಪಂಪು ರಿಪೇರಿಯವರು, ಆಟಿಕೆಯ ಬದಲು ಸ್ಪ್ಯಾನರ್ ಕೊಟ್ಟವರು. ಮದುವೆಯಾಗಿ ಬಂದದ್ದು ಬಗ್ಗಿಯ ಪಂಜರ ಬೆಸೆಯುವ ಮನೆಗೆ. ಗಂಡ ವೆಲ್ಡರ್, ಬಾಯಿಗೂ ವೆಲ್ಡಿಂಗ್ ಆಗಿದೆ. ಗುಜರಿ ಕಾರಿನಿಂದ ಕಿತ್ತು ತಂದ ಮೊದಲ ಟರ್ಬೊ ಪಿಸ್ಟನ್ನಿಗೆ ತೂತು ಕೊರೆಯಿತು. ಅತ್ತೆ ಆ ಪಿಸ್ಟನ್ನನ್ನು ಅಡುಗೆಮನೆ ಬಾಗಿಲಿಗೆ ಒತ್ತಾಗಿ ಇಟ್ಟಿದ್ದಾರೆ, ಸೊಸೆಯ ವಿದ್ಯೆ ಒಂದಕ್ಕಾದರೂ ಉಪಯೋಗವಾಗಲಿ ಎಂದು.

ಆದರೆ ಮಾನ ಹೋದದ್ದು ಹೋದ ಸೀಸನ್ನಿನಲ್ಲಿ. ಫೈನಲ್ಲಿಗೆ ಮುಂಚಿನ ಸುತ್ತಿನಲ್ಲಿ ಮೈದುನ ದಿಬ್ಬ ಹತ್ತಿ ಗೆದ್ದ. ಚಪ್ಪಾಳೆ ಸರಿಯಾಗಿ ಕೇಳಲಿ ಎಂದು ತಟ್ಟನೆ ಇಂಜಿನ್ ಆಫ್ ಮಾಡಿದ. ಇಂಜಿನ್ ನಿಂತರೆ ಎಣ್ಣೆ ಹರಿಯುವುದೂ ನಿಲ್ಲುತ್ತದೆ. ಕೆಂಡವಾಗಿದ್ದ ಟರ್ಬೊ ಒಳಗೆ ಉಳಿದ ಎಣ್ಣೆ ಸೀದು ಇದ್ದಿಲಾಯಿತು. ಫೈನಲ್ಲಿಗೆ ಸ್ಟಾರ್ಟ್ ಮಾಡಿದರೆ ಮೈದಾನದ ತುಂಬ ಹೊಗೆ. ಗೆದ್ದ ಗಾಡಿ ಹಗ್ಗ ಕಟ್ಟಿಸಿಕೊಂಡು ಮನೆಗೆ ಬಂತು.

"ಚಪ್ಪಾಳೆ ಕೇಳೋಕೆ ಹೋಗಿ ತಲೆ ಮೇಲೆ ಚಪ್ಪಡಿ ಎಳ್ಕೊಂಡೆ ಅತ್ತಿಗೆ," ಎಂದು ಮೈದುನ ಈಗಲೂ ತಲೆ ಕೆರೆದುಕೊಳ್ಳುತ್ತಾನೆ.

ಅಂದಿನಿಂದ ಶೆಡ್ಡಿಗೊಂದು ಕಾನೂನು: ಓಡಿ ಬಂದ ಗಾಡಿ ಟರ್ಬೊ ತಣಿಯುವ ತನಕ ನಿಂತಲ್ಲೇ ಗುರುಗುಟ್ಟುತ್ತಿರಬೇಕು. ಅತ್ತಿಗೆ ಒಂದು ಲೋಟ ಬಿಸಿ ಟೀ ಕುಡಿದು ಮುಗಿಸಿ, ಲೋಟ ಬೋರಲು ಹಾಕಿದ ಮೇಲೆಯೇ ಕೀ ತಿರುಗಿಸಬೇಕು.

ಮೈದಾನದ ಯಜಮಾನರದೂ ಒಂದು ಕಾನೂನಿದೆ. ಇವತ್ತು ಅವರೆದುರು ಬಗ್ಗಿ ಒಂದು ಸುತ್ತು ಓಡಿ, ದಿಬ್ಬ ಹತ್ತಿ, ನಿಂತು, ಮತ್ತೆ ಸ್ಟಾರ್ಟ್ ಆಗಬೇಕು. ಹೊಗೆ ಬಂತೋ, ಟರ್ಬೊ ಗಾಡಿಗಳಿಗೆ ಗೇಟು ಶಾಶ್ವತವಾಗಿ ಬಂದ್. ಓಡುವ ಜಾಗ ಸುತ್ತಮುತ್ತ ಇರುವುದು ಅದೊಂದೇ. ಗೇಟು ಮುಚ್ಚಿದರೆ ಅತ್ತಿಗೆಯ ಕಸುಬೂ ಮುಚ್ಚಿದಂತೆ.

ಹೊರಡುವಾಗ ಅವರು ಅಂಗಳದ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಸುತ್ತುತ್ತಾರೆ. ಅತ್ತೆ ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ಇಷ್ಟು ದಿನ ಅದನ್ನ ಮುದ್ದಾಡಿದ್ದೀಯ, ನನ್ನ ಮೊಣಕಾಲಿಗೂ ಅಷ್ಟು ಎಣ್ಣೆ ಹಾಕಿಲ್ಲ. ಆದ್ರೂ ಹಗ್ಗ ಬೇಕಾ?"

"ಇರ್ಲಿ ಅತ್ತೆ. ಹೋದ ಸಲ ಬೇಕಾಗಿತ್ತಲ್ಲ."

"ಬೇಕಾದ್ರೂ, ಬೇಡವಾದ್ರೂ, ಬೇಗ ವಾಪಸ್ ತಾ. ಬಟ್ಟೆ ನೆನೆಸಿದ್ದೀನಿ."

ಮೈದಾನದಲ್ಲಿ ಬಗ್ಗಿ ಸುತ್ತು ಮುಗಿಸಿ ದಿಬ್ಬಕ್ಕೆ ಎದೆಯೊಡ್ಡುತ್ತದೆ. ಬೇಲಿಯಾಚೆ ನಿಂತವರಿಗೆ ನಿರಾಸೆ: "ಏನ್ರೀ, ಟರ್ಬೊ ಅಂತೀರ, ಸಿಳ್ಳೆನೇ ಇಲ್ಲ!" ಅತ್ತಿಗೆ ತಿರುಗಿಯೂ ನೋಡುವುದಿಲ್ಲ. "ಸಿಳ್ಳೆ ಬಿದ್ರೆ ಸಿನಿಮಾಗೆ ಒಳ್ಳೇದು. ನಮ್ಮ ಪೈಪಲ್ಲಿ ಸಿಳ್ಳೆ ಅಂದ್ರೆ ಗಾಳಿ ಸೋರ್ತಿದೆ ಅಂತ." ಬೆಳಗ್ಗೆ ಹಿಂಡಿದ ಕ್ಲಿಪ್ಪಿನ ಕಿವಿ ಮಾತು ಕೇಳಿದೆ. ಮರಳು ಚಿಮ್ಮುತ್ತದೆ, ಬಗ್ಗಿ ತುದಿ ಮುಟ್ಟುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಮೈದುನ ಎರಡೂ ಕೈ ತಲೆಯ ಮೇಲೆ ಇಟ್ಟುಕೊಳ್ಳುತ್ತಾನೆ, ಕೀ ಕಡೆ ಹೋಗದಿರಲಿ ಎಂದು.

ಅತ್ತಿಗೆ ದಿಬ್ಬ ಹತ್ತಿ ಫ್ಲಾಸ್ಕು ಬಗ್ಗಿಸುತ್ತಾರೆ.

"ಆಫ್ ಮಾಡಪ್ಪ, ಕಿವಿ ಹರಿದು ಹೋಗ್ತಿದೆ!" ಯಜಮಾನರು ಕೂಗುತ್ತಾರೆ.

"ಅತ್ತಿಗೆ ಟೀ ಮುಗಿದಿಲ್ಲ ಸಾರ್!"

"ನಾನು ಹೇಳ್ತಿದ್ದೀನಿ!"

"ನೀವು ಗೇಟಿಗೆ ಯಜಮಾನ್ರು ಸಾರ್. ಕೀಗೆ ಅತ್ತಿಗೆ."

ಅತ್ತಿಗೆ ಇನ್ನೊಂದು ಲೋಟ ತುಂಬಿ ಯಜಮಾನರ ಕೈಗಿಡುತ್ತಾರೆ. ಕೈ ಸುಡುತ್ತದೆ, ಊದಿ ಊದಿಯೇ ಕುಡಿಯಬೇಕು. ಊದುವ ಬಾಯಿಗೆ ಬೈಯಲು ಬಿಡುವಿಲ್ಲ. ಕೊನೆಗೆ ಅತ್ತಿಗೆ ಲೋಟ ಬೋರಲು ಹಾಕುತ್ತಾರೆ. ಕೀ ತಿರುಗುತ್ತದೆ, ಇಂಜಿನ್ ನಿಲ್ಲುತ್ತದೆ.

"ಈಗ ಸ್ಟಾರ್ಟ್ ಮಾಡಿ," ಎನ್ನುತ್ತಾರೆ ಯಜಮಾನರು, ಸೈಲೆನ್ಸರಿನ ಹಿಂದೆಯೇ ನಿಂತು. ಅತ್ತಿಗೆ ಹೆಗಲ ಮೇಲಿನ ಹಗ್ಗ ಬಿಗಿಯಾಗಿ ಹಿಡಿಯುತ್ತಾರೆ. ಇಂಜಿನ್ ಒಮ್ಮೆ ಕೆಮ್ಮಿ ಹಿಡಿದುಕೊಳ್ಳುತ್ತದೆ. ಯಜಮಾನರು ಬಗ್ಗಿ ನೋಡುತ್ತಾರೆ, ಮೂಸಿ ನೋಡುತ್ತಾರೆ, ಬಿಳಿ ಕರ್ಚೀಫು ಒಡ್ಡಿ ನೋಡುತ್ತಾರೆ. ಕರ್ಚೀಫು ಬಿಳಿಯಾಗಿಯೇ ಉಳಿಯುತ್ತದೆ.

"ಭಾನುವಾರ ಓಟಕ್ಕೆ ಬನ್ನಿ," ಎನ್ನುತ್ತಾರೆ. ನಾಲ್ಕು ಹೆಜ್ಜೆ ಹೋದವರು ಲೋಟ ಮರಳಿಸಲು ತಿರುಗಿ ಬರುತ್ತಾರೆ. "ಇದನ್ನ ಇನ್ನೂ ಜೋರು ಮಾಡ್ಬಹುದಾ?"

"ಮಾಡ್ಬಹುದು ಸಾರ್. ಆದ್ರೆ ಮನೆಗೆ ತಾನೇ ನಡ್ಕೊಂಡು ಬರೋ ಅಷ್ಟು ಸಾಕು."

ಬಗ್ಗಿ ತಾನೇ ಓಡಿ ಅಂಗಳಕ್ಕೆ ಬರುತ್ತದೆ. ಒದ್ದೆ ಬಟ್ಟೆಯ ಬಕೆಟ್ಟಿನ ಪಕ್ಕ ಅತ್ತೆ ಕಾದು ನಿಂತಿದ್ದಾರೆ. ಬಗ್ಗಿಯನ್ನು ನೋಡುತ್ತಾರೆ, ಸೊಸೆಯ ಹೆಗಲ ಹಗ್ಗ ನೋಡುತ್ತಾರೆ, ಬಕೆಟ್ಟನ್ನು ಕಂಬದ ಕಡೆ ಸರಿಸುತ್ತಾರೆ. ಅತ್ತಿಗೆ ಹಗ್ಗವನ್ನು ಕಂಬಕ್ಕೆ ಕಟ್ಟಿ, ಗಂಟನ್ನು ಎರಡು ಸಲ ಎಳೆದು ನೋಡುತ್ತಾರೆ. ಮುಂದೇನು ಆಸೆ ಎಂದು ಕೇಳಿದರೆ ಒದ್ದೆ ಸೀರೆಯೊಂದನ್ನು ಕೊಡವಿ ಹರಡುತ್ತಾರೆ.

"ಭಾನುವಾರ ಈ ಹಗ್ಗ ಬಿಚ್ಚದೆ ಹೋಗ್ಬೇಕು. ಅಷ್ಟೇ."